ಗುಂಡಿಯ ಅಂಚಿನ ಹೊಗೆ

ಪಾರ್ಶ್ವವಾಯು ಡೊನ್ ಸಿಪ್ರಿಯಾನೊನ ಬಲಗೈ ಕಿತ್ತುಕೊಂಡಿತು, ಬಲಗಾಲು ಕಿತ್ತುಕೊಂಡಿತು, ಅಷ್ಟು ಸಾಲದು ಅಂತ ಬಾಯಲ್ಲಿದ್ದ ಮಾತನ್ನೂ ಗುಡಿಸಿಕೊಂಡು ಹೋಯಿತು. ಒಂದೇ ಒಂದು ಮಾತನ್ನು ಬಿಟ್ಟು ಹೋಯಿತು. ಬಿಡುವುದೇ ಆಗಿದ್ದರೆ ಒಳ್ಳೆಯದೊಂದನ್ನು ಬಿಡಬಾರದಿತ್ತೇ? ‘ಮಗಳೇ’ ಅನ್ನುವುದನ್ನೋ, ‘ನೀರು’ ಅನ್ನುವುದನ್ನೋ, ಕೊನೆಗೆ ದೇವರ ಹೆಸರನ್ನಾದರೂ? ಇಲ್ಲ. ಉಳಿದದ್ದು ‘ಹಾಳಾಗ್ಹೋಗ್ಲಿ!’

ಕಾಫಿ ಬೇಕಾದರೂ ಹಾಳಾಗ್ಹೋಗ್ಲಿ, ಸಾಕಾದರೂ ಹಾಳಾಗ್ಹೋಗ್ಲಿ. ಪಾದ್ರಿಗಳು ಮನೆಗೆ ಬಂದು ಹಣೆ ಮುಟ್ಟಿ ಹರಸಿದಾಗ ಕಣ್ಣಲ್ಲಿ ನೀರು ತುಂಬಿಕೊಂಡು ಅದನ್ನೇ ಅಂದ. ಪಾಪ, ಅವರು ನಕ್ಕು ಸುಮ್ಮನಾದರು. ತಲೆಯೊಳಗೆ ಎಲ್ಲ ಮಾತೂ ಸರಿಯಾಗಿಯೇ ಇತ್ತು. ಯಾರು ಏನಂದರೂ ತಿಳಿಯುತ್ತಿತ್ತು. ಹೊರಗೆ ಬರುವಾಗ ಮಾತ್ರ ಆ ಒಂದೇ ಬೈಗುಳ. ಬರೆದು ತೋರಿಸೋಣವೆಂದರೆ ಅಕ್ಷರಗಳೂ ಮರೆತುಹೋಗಿದ್ದವು.

ಮಾತಿದ್ದ ಕಾಲದಲ್ಲಿ ಈ ಮನುಷ್ಯ ಸುಮ್ಮನೆ ಕೂತವನೇ ಅಲ್ಲ. ಲಿನಾರೆಸ್ ಸುತ್ತಿನ ಹಳ್ಳಿಗಳಲ್ಲಿ ಮದುವೆಯಾಗಲಿ, ಮಗುವಿನ ಜ್ಞಾನಸ್ನಾನವಾಗಲಿ, ಬಾರ್ಬಕೋವಾದ ಗುಂಡಿಗೆ ಇವನ ಕೈಯೇ ಬೀಳಬೇಕು. ನೆಲದಲ್ಲಿ ಇಟ್ಟಿಗೆ ಕಟ್ಟಿದ ಗುಂಡಿ, ತಳದಲ್ಲಿ ಜಾಲಿ ಕೊರಡಿನ ಕೆಂಡ, ಮೇಲೆ ಕತ್ತಾಳೆ ಪಟ್ಟೆಯಲ್ಲಿ ಸುತ್ತಿದ ದನದ ಮಾಂಸ, ಅದರ ಮೇಲೆ ತಗಡು, ತಗಡಿನ ಮೇಲೆ ಮಣ್ಣು. ಬೆಳಿಗ್ಗೆ ಮುಚ್ಚಿದರೆ ಸಂಜೆ ತೆಗೆಯುವುದು. ತೆಗೆದಾಗ ಮಾಂಸ ಬೆರಳು ತಾಕಿದರೆ ಸಾಕು, ಎಳೆ ಎಳೆಯಾಗಿ ಬಿಟ್ಟುಕೊಳ್ಳಬೇಕು. ಪಂಕ್ತಿಯಲ್ಲಿ ಚಾಕು ಕೇಳಿದವನನ್ನು ಅವನು ಮತ್ತೆ ಜನ್ಮದಲ್ಲಿ ಮಾತಾಡಿಸುತ್ತಿರಲಿಲ್ಲ.

ಅವನ ಕಟ್ಟಳೆಗಳೋ, ಇಗರ್ಜಿಯಲ್ಲೂ ಅಷ್ಟಿರಲಿಲ್ಲ. ಗುಂಡಿಯ ಹತ್ತಿರ ಕೆಟ್ಟ ಮಾತು ಆಡಕೂಡದು. ಮುಚ್ಚಿದ ಮೇಲೆ ಹೊತ್ತಿಗೆ ಮುಂಚೆ ತೆಗೆಯಕೂಡದು. ಎಲ್ಲಕ್ಕಿಂತ ಹೆಚ್ಚಾಗಿ, ಸಿಟ್ಟಿನಲ್ಲಿರುವವರು ಆ ಕಡೆ ಸುಳಿಯಲೇಕೂಡದು. ಸುಳಿದರೆ ಮಾಂಸ ಮುನಿಸಿಕೊಳ್ಳುತ್ತದೆ, ಹಸಿಯಾಗಿ ಉಳಿಯುತ್ತದೆ, ಇಲ್ಲವೇ ಸುಟ್ಟು ಕರಕಾಗುತ್ತದೆ. ಇದನ್ನು ಊರೆಲ್ಲ ನಂಬುತ್ತಿತ್ತು, ಅವನು ಊರಿಗಿಂತ ಹೆಚ್ಚು ನಂಬಿದವನ ಹಾಗೆ ಇರುತ್ತಿದ್ದ. ಮಾವನ ಜೊತೆ ಜಗಳ ಕಾಯ್ದು ಬಂದ ಒಬ್ಬ ಮದುಮಗನನ್ನು ಅವನದೇ ಮದುವೆಯ ಗುಂಡಿಯಿಂದ ಅಟ್ಟಿಬಿಟ್ಟಿದ್ದ. ಇನ್ನು ಹೆಂಗಸರಂತೂ ಹತ್ತಿರ ಬರುವ ಹಾಗೇ ಇರಲಿಲ್ಲ. ಒಬ್ಬಳೇ ಮಗಳು ಎಲೊಯ್ಸಾ ಚಿಕ್ಕವಳಿದ್ದಾಗ ಬಂದು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತರೆ, “ಏಳೇ, ಹೋಗಿ ಚಟ್ನಿ ಅರಿ, ಇಲ್ಲೇನು ಕೆಲ್ಸ ನಿಂಗೆ?” ಅನ್ನುತ್ತಿದ್ದ. ಅವಳು ಅಡುಗೆಮನೆಯ ಕಿಟಕಿಯಲ್ಲಿ ನಿಂತು ನೋಡುತ್ತಿದ್ದಳು.

ಈಗ ಎಲೊಯ್ಸಾಳ ಮಗಳು ಅರೆಲಿಗೆ ಹದಿನೈದು ತುಂಬಿತ್ತು. ಹದಿನೈದು ತುಂಬಿದ ಹುಡುಗಿಗೆ ಇಗರ್ಜಿಯಲ್ಲಿ ಪೂಜೆ, ಮನೆಯಲ್ಲಿ ಊರಿಗೆಲ್ಲ ಊಟ. ಎಲೊಯ್ಸಾಳ ಗಂಡ ಲಾಸಾರೊ ಒಳ್ಳೆಯವನೇ, ಆದರೆ ಕಷ್ಟ ಕಂಡರೆ ಅಡ್ಡದಾರಿ ಹುಡುಕುವ ಜಾತಿ.

“ಪ್ರೆಶರ್ ಕುಕ್ಕರಲ್ಲಿ ಬೇಯಿಸಿಬಿಡೋಣ ಕಣೇ,” ಅಂದಿದ್ದ. “ಯಾರಿಗೆ ಗೊತ್ತಾಗುತ್ತೆ?”

“ಸಿಪ್ರಿಯಾನೊನ ಮನೇಲಿ ಕುಕ್ಕರಲ್ಲಿ ಬೇಯಿಸಿದ ಬಾರ್ಬಕೋವಾನಾ? ಜನ ಉಗೀತಾರೆ. ಅಪ್ಪನ ಗುಂಡಿ ಇದೆ. ನಾನೇ ಮಾಡ್ತೀನಿ.”

“ನಿಂಗೆ ಬರುತ್ತಾ?”

“ಹುಟ್ಟಿದಾಗಿಂದ ನೋಡ್ತಿದೀನಿ,” ಅಂದಳು ಎಲೊಯ್ಸಾ.

ಹೀಗೆ ಆ ಬೆಳಿಗ್ಗೆ, ಇನ್ನೂ ಸೂರ್ಯ ಕಿತ್ತಳೆ ಮರಗಳ ಹಿಂದೆ ಇರುವಾಗಲೇ, ಹಿತ್ತಲ ಅಂಗಳದಲ್ಲಿ ಗುಂಡಿ ಹೊತ್ತಿತು. ಮುದುಕನನ್ನು ಗಾಲಿಕುರ್ಚಿಯಲ್ಲಿ ತಂದು ಹತ್ತಿರದಲ್ಲೇ ಕೂರಿಸಿದ್ದರು. ಅವನಿಗೆ ರಾತ್ರಿಯೆಲ್ಲ ಕಣ್ಣಿಗೆ ಕಣ್ಣು ಹತ್ತಿರಲಿಲ್ಲ. ಮಗಳು ಸೋತರೆ ಊರೆಲ್ಲ ಅವಳನ್ನು ಆಡಿಕೊಳ್ಳುತ್ತದೆ. ಅದಕ್ಕಿಂತ ಹೆಚ್ಚಿನದು ಇನ್ನೊಂದಿತ್ತು: ಅಪ್ಪ ಹೇಳಿದ್ದೇ ಸರಿ, ಗುಂಡಿ ತನ್ನ ಕೆಲಸವಲ್ಲ ಅಂತ ಅವಳೇ ಅಂದುಕೊಂಡುಬಿಡುತ್ತಾಳೆ. ಇಷ್ಟು ವರ್ಷ ತಾನು ಹೇಳುತ್ತಾ ಬಂದದ್ದು ಸುಳ್ಳಾಗಲಿ, ದೇವರೇ, ಸುಳ್ಳಾಗಲಿ ಅಂತ ಮುದುಕ ಒಳಗೊಳಗೇ ಬೇಡಿಕೊಳ್ಳುತ್ತಿದ್ದ.

ಸುಳ್ಳಾಗುವ ಹಾಗೇ ಕಂಡಿತು. ಅವಳು ಉರಿಯೆಲ್ಲ ಅಡಗಿ ಕೆಂಡದ ಮೇಲೆ ಬಿಳಿ ಬೂದಿ ಕೂರುವ ತನಕ ಕಾದಳು. ತಳಕ್ಕೆ ಕಡಲೆಕಾಳು ಹಾಕಿದ ನೀರಿನ ಪಾತ್ರೆ ಇಳಿಸಿದಳು, ತೊಟ್ಟಿಕ್ಕುವ ರಸ ಅದಕ್ಕೆ ಬೀಳಲಿ ಅಂತ. ಕತ್ತಾಳೆ ಪಟ್ಟೆಗಳನ್ನು ಬೆಂಕಿಗೆ ಹಿಡಿದು ಬಾಡಿಸಿ, ಗುಂಡಿಯ ಸುತ್ತ ಹಾಸಿದಳು. ಕೆನ್ನೆಯ ಮಾಂಸ, ಭುಜದ ದೊಡ್ಡ ದೊಡ್ಡ ತುಂಡುಗಳು, ಹಿಂದಿನ ದಿನವೇ ಒಣಮೆಣಸು, ಬೆಳ್ಳುಳ್ಳಿ, ಜೀರಿಗೆ, ವಿನಿಗರ್ ಅರೆದು ಸವರಿಟ್ಟಿದ್ದು. ಅದನ್ನೆಲ್ಲ ಇಟ್ಟು, ಪಟ್ಟೆಗಳನ್ನು ಒಳಕ್ಕೆ ಮಡಚಿ, ಮೇಲೆ ಒದ್ದೆ ಗೋಣಿ ಹೊದಿಸಿದಳು. ಲಾಸಾರೊ ತಗಡು ಎತ್ತಿ ಮುಚ್ಚಿದ. ಇಬ್ಬರೂ ಸೇರಿ ಮಣ್ಣು ಎಳೆದರು. ಒಂದು ಕಡೆಯೂ ಕೈ ತಪ್ಪಲಿಲ್ಲ. ಮುದುಕನಿಗೆ ಹೆಮ್ಮೆಯಿಂದ ಎದೆ ಉಬ್ಬಿತು. ಯಾವ ಕಿಟಕಿಯಲ್ಲಿ ನಿಂತು ಕಲಿತಳೋ ನನ್ನ ಬಂಗಾರ ಅನ್ನಬೇಕೆನಿಸಿತು. ಅಂದೂ ಬಿಟ್ಟ.

“ಹಾಳಾಗ್ಹೋಗ್ಲಿ!”

ಎಲ್ಲರ ಕೈ ನಿಂತಿತು. ಡೊನ್ಯಾ ತೊಮಾಸಾ ಎದೆಯ ಮೇಲೆ ಶಿಲುಬೆ ಗುರುತು ಮಾಡಿಕೊಂಡಳು. ಎಲೊಯ್ಸಾಳ ಜ್ಞಾನಸ್ನಾನದ ಧರ್ಮತಾಯಿ ಅವಳು. ಆ ನಂಟಿನಿಂದ ಅವಳು ಮುದುಕನಿಗೆ ಕೊಂಪಾದ್ರೆ ಅನ್ನುತ್ತಿದ್ದಳು. ಇವತ್ತು ಗುಂಡಿಗೂ ಅವಳೇ ಧರ್ಮತಾಯಿ. ಮುಚ್ಚಿದ ಗುಂಡಿಯ ಮೇಲೆ ಕಡ್ಡಿಯ ಶಿಲುಬೆ ನೆಟ್ಟು, ಒಳಗಿದ್ದದ್ದು ಚೆನ್ನಾಗಿ ಬೇಯಲಿ ಅಂತ ಹೊಣೆ ಹೊರುವವಳು.

“ಗುಂಡಿ ಮುಂದೆ ಇದೆಂಥಾ ಮಾತು ಕೊಂಪಾದ್ರೆ! ಬಿಡ್ತು ಅನ್ನಿ, ಬಿಡ್ತು ಅನ್ನಿ!”

“ಅವರ್ಗೆ ಅದೊಂದೇ ಬರೋದು ಬಿಡಿ,” ಅಂದಳು ಎಲೊಯ್ಸಾ. ಆದರೆ ಅಪ್ಪನ ಮುಖ ನೋಡಲಿಲ್ಲ. ಶಿಲುಬೆ ನೆಟ್ಟಾದ ಮೇಲೆ ಕೈಯ ಮಣ್ಣನ್ನು, ಅಂಚಿಗೆ ಮೆತ್ತಲು ಕಲಸಿದ್ದ ಕೆಸರಿನ ಬಕೆಟ್ಟಿನ ಪಕ್ಕದ ನೀರಿನಲ್ಲಿ ತೊಳೆದುಕೊಂಡು, ಸೆರಗಿನಂತಿದ್ದ ಏಪ್ರನ್ನಿಗೆ ಒರೆಸಿಕೊಂಡು, “ಆಯ್ತು, ಇನ್ನು ದೇವರಿಟ್ಟ ಹಾಗೆ,” ಅಂದಳು.

ಆಯ್ತಾ? ಮುದುಕ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದ. ಎಲ್ಲಾಯ್ತು? ಇನ್ನೊಂದು ಬಾಕಿ ಇದೆಯಲ್ಲ!

ಆ ಇನ್ನೊಂದು ಯಾರಿಗೂ ಗೊತ್ತಿರಲಿಲ್ಲ. ಗುಂಡಿ ಮುಚ್ಚಿದ ಮೇಲೆ ಡೊನ್ ಸಿಪ್ರಿಯಾನೊ ಒಂದು ಸಿಗರೇಟು ಹಚ್ಚಿ, ಮನೆಗೆ ಬೆನ್ನು ಹಾಕಿ, ಗುಂಡಿಯ ಸುತ್ತ ಕೂತಲ್ಲೇ ಸರಿಯುತ್ತಾ ಆರಾಮವಾಗಿ ಕಾಲ ಕಳೆಯುತ್ತಿದ್ದ. ದಣಿದಿದ್ದಾನೆ, ಸೇದಲಿ ಬಿಡು ಅಂತ ಜನ ಅಂದುಕೊಳ್ಳುತ್ತಿದ್ದರು. ಸೇದುತ್ತಿದ್ದದ್ದು ಒಂದೋ ಎರಡೋ ದಮ್ಮು. ಉಳಿದ ಹೊತ್ತೆಲ್ಲ ಸಿಗರೇಟನ್ನು ಅಂಚಿನ ಹತ್ತಿರ, ನೆಲಕ್ಕೆ ತಾಗುವ ಹಾಗೆ ಹಿಡಿದಿರುತ್ತಿದ್ದ. ಅದರ ಹೊಗೆ ಎಲ್ಲಿ ನೆಟ್ಟಗೆ ಏಳದೆ ಅಲ್ಲಾಡುತ್ತದೋ ಅಲ್ಲಿ ಗುಂಡಿ ಉಸಿರಾಡುತ್ತಿದೆ ಅಂತ ಲೆಕ್ಕ. ಅಲ್ಲಿಗೊಂದು ಹಿಡಿ ಕೆಸರು ಮೆತ್ತುವುದು. ಗುಂಡಿ ಉಸಿರಾಡಿದರೆ ಕೆಂಡ ಮತ್ತೆ ಉರಿಯಾಗುತ್ತದೆ, ಉರಿಯಾದರೆ ಮಾಂಸ ಬೇಯುವುದಿಲ್ಲ, ಸುಡುತ್ತದೆ. ಈ ಗುಟ್ಟನ್ನು ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ, ಮಹಾ ನಿಧಿ ನೋಡಿ! ಬೇರೆಯವರ ಗುಂಡಿ ಕೆಟ್ಟ ಸುದ್ದಿ ಬಂದಾಗ ‘ಅಲ್ಲಿ ಯಾರೋ ಸಿಟ್ಟಲ್ಲಿದ್ದಿರಬೇಕು’ ಅಂತ ಮೀಸೆಯೊಳಗೇ ನಗುತ್ತಿದ್ದ.

ಈಗ ಸಿಗರೇಟೂ ಬೇಕಾಗಿರಲಿಲ್ಲ. ಕಿತ್ತಳೆ ಮರದ ಕಡೆಯ ಅಂಚಿನಲ್ಲಿ ಒಂದು ಇಟ್ಟಿಗೆಯ ಮೂಲೆ ಉದುರಿತ್ತು. ಅದರ ಮೇಲೆ ತಗಡು ಸರಿಯಾಗಿ ಕೂತಿರಲಿಲ್ಲ. ಮಣ್ಣಿನ ಸಂದಿಯಿಂದ ದಾರದಷ್ಟು ತೆಳ್ಳಗೆ ಹೊಗೆ ಏಳುತ್ತಿತ್ತು. ನಿಂತವರ ಕಣ್ಣಿಗೆ ಕಾಣುವಂಥದ್ದಲ್ಲ, ಕೂತವನ ಕಣ್ಣಿಗೆ ಕಂಡಿತು.

ಎಡಗೈ ಎತ್ತಿ ತೋರಿಸಿದ. “ಹಾಳಾಗ್ಹೋಗ್ಲಿ! ಹಾಳಾಗ್ಹೋಗ್ಲಿ!”

“ನೋಡ್ದೇನೇ, ಶಿಲುಬೇನೇ ತೋರಿಸ್ತಿದಾರೆ!” ಅಂದಳು ತೊಮಾಸಾ, ಜೀವ ಬಾಯಿಗೆ ಬಂದವಳ ಹಾಗೆ. “ಕಣ್ಣು ನೋಡು, ಕೆಂಡ ಆಗಿದೆ. ಸಿಟ್ಟು ನೆತ್ತಿಗೇರಿದೆ.”

ಅವನು ಕುರ್ಚಿಯ ಕೈ ಗುದ್ದಿದ. ಮತ್ತೆ ತೋರಿಸಿದ. ಮುಖವೆಲ್ಲ ಕೆಂಪೇರಿತು, ಬಾಯಿಯ ಒಂದು ಬದಿಯಿಂದ ಜೊಲ್ಲು ಸುರಿಯಿತು. ಸಿಟ್ಟೇ ಹೌದು, ಬರದೆ ಇರುತ್ತದೆಯೇ? ಸಿಟ್ಟು ಬಂದಷ್ಟೂ ತಾನು ಸಿಟ್ಟುಗೊಂಡವನಾಗಿಯೇ ಕಾಣುತ್ತೇನೆ ಅನ್ನುವುದೂ ಅವನಿಗೆ ಗೊತ್ತಿತ್ತು. ಆದರೆ ನಗುತ್ತಾ ಹೇಗೆ ತೋರಿಸುವುದು?

“ಲಾಸಾರೊ, ಒಳಗೆ ಕರ್ಕೊಂಡ್ ಹೋಗಪ್ಪ,” ಅಂದಳು ತೊಮಾಸಾ. “ಇದು ಅವರದೇ ಕಟ್ಟಳೆ. ನಾಳೆ ಸುಮ್ಮನಿದ್ರಿ ಅಂತ ನಮ್ಮನ್ನೇ ಬೈಯ್ತಾರೆ.”

ಲಾಸಾರೊ ಹೆಂಡತಿಯ ಮುಖ ನೋಡಿದ. ಎಲೊಯ್ಸಾ ಬಂದು ಅಪ್ಪನ ಮುಂದೆ ಕೂತು, ಅವನ ಬಾಯಿ ಒರೆಸಿ, ಮೆಲ್ಲಗೆ ಅಂದಳು: “ನಾನು ಮುಟ್ಟಿದ್ದು ನಿಮಗೆ ಇಷ್ಟ ಇಲ್ಲ, ಗೊತ್ತು. ಆದ್ರೆ ಇವತ್ತೊಂದಿನ, ನಿಮ್ಮ ಮೊಮ್ಮಗಳಿಗೋಸ್ಕರ, ಹೊಟ್ಟೇಲಿಟ್ಕೊಳಿ ಅಪ್ಪಾ. ದಮ್ಮಯ್ಯ ಅಂತೀನಿ.”

ಅವನು ಅವಳ ಮಣಿಕಟ್ಟು ಹಿಡಿದು ಗುಂಡಿಯ ಕಡೆ ಎಳೆದ. ಎಡಗೈಗೆ ಇನ್ನೂ ಬಲವಿತ್ತು. ಅವಳಿಗೆ ನೋವಾಯಿತು. ಅವಳು ಕೈ ಬಿಡಿಸಿಕೊಂಡು ಎದ್ದು ನಿಂತಳು, ಲಾಸಾರೊ ಕುರ್ಚಿ ತಿರುಗಿಸಿದ.

ಕೋಣೆಯಲ್ಲಿ ಕಿಟಕಿಯ ಹತ್ತಿರವೇ ಬಿಟ್ಟು ಹೋದರು, ಪಾಪ, ಹೊರಗೆ ನೋಡುತ್ತಿರಲಿ ಅಂತ. ಆ ಕರುಣೆಯೊಂದು ಬೇಕಿತ್ತು! ಕಿಟಕಿಯಿಂದ ಗುಂಡಿಯೂ ಕಾಣುತ್ತಿತ್ತು, ಆ ಮೂಲೆಯೂ ಕಾಣುತ್ತಿತ್ತು. ಕೆಸರಿನ ಬಕೆಟ್ಟು ಮೂಲೆಯ ಪಕ್ಕದಲ್ಲೇ ಇತ್ತು. ಹಾದುಹೋಗುವ ಯಾರಾದರೂ ಎಡವಿ ಅದನ್ನು ಅಲ್ಲಿ ಚೆಲ್ಲಿದ್ದರೂ ಸಾಕಿತ್ತು.

ಹೊತ್ತೇರಿದ ಮೇಲೆ ಅರೆಲಿ ತಲೆಗೆಲ್ಲ ಸುರುಳಿ ಸುತ್ತಿಕೊಂಡು, ಗುಲಾಬಿ ಬಣ್ಣದ ಘೇರು ಲಂಗ ಎತ್ತಿ ಹಿಡಿದು ಓಡಿ ಬಂದಳು. “ತಾತಾ, ಹೆಂಗಿದೆ? ಕೇಕ್ ಥರ ಕಾಣ್ತೀನಿ ಅಲ್ವಾ?”

ಅವನಿಗೆ ಅವಳ ಮೇಲೆ ಜೀವ. ಆದರೆ ಈಗ ಲಂಗ ನೋಡುವ ಹೊತ್ತೇ? ಕಿಟಕಿಯ ಆಚೆ ಬೆರಳು ತೋರಿಸಿದ.

“ಇನ್ನೂ ಬೆಂದಿಲ್ಲ ತಾತ. ಸಂಜೆಗೆ. ಅಷ್ಟು ಹಸಿವಾ?”

ತಲೆ ಅಲ್ಲಾಡಿಸಿದ. ಏನು ಮಾಡಲಿ, ಏನು ತೋರಿಸಲಿ? ಹೊಳೆಯಿತು. ಎರಡು ಬೆರಳು ತುಟಿಗೆ ಇಟ್ಟ, ಸಿಗರೇಟಿನ ಹಾಗೆ. ಆಮೇಲೆ ಆ ಬೆರಳನ್ನು ಕೆಳಕ್ಕೆ ತಂದು ಗಾಳಿಯಲ್ಲಿ ದುಂಡಗೆ ಗುಂಡಿಯ ಅಂಚು ಬರೆದ. ಮತ್ತೆ ತುಟಿ, ಮತ್ತೆ ಅಂಚು. ನೋಡು ಕಂದಾ, ನೋಡು.

“ಅಯ್ಯೋ ಕಳ್ಳ! ಸಿಗರೇಟ್ ಬೇಕಂತೆ!” ಅಂತ ಅರೆಲಿ ಕಿಸಕ್ಕನೆ ನಕ್ಕಳು. “ಡಾಕ್ಟ್ರು ಬೇಡ ಅಂದಿಲ್ವಾ? ಅಮ್ಮಂಗೆ ಹೇಳ್ತೀನಿ ಇರು.” ಹಣೆಗೆ ಮುತ್ತು ಕೊಟ್ಟು ಓಡಿಹೋದಳು.

ಅಮ್ಮನಿಗೆ ಹೇಳಲಿಲ್ಲ, ಅಪ್ಪನಿಗೆ ಹೇಳಿದಳು. ಸ್ವಲ್ಪ ಹೊತ್ತಿಗೆ ಲಾಸಾರೊ ಬಾಗಿಲು ಮುಂದಕ್ಕೆ ತಳ್ಳಿ, ಕಳ್ಳ ಹೆಜ್ಜೆ ಇಟ್ಟು ಒಳಗೆ ಬಂದ. ಬೆಳಿಗ್ಗೆ ಮಾವನನ್ನು ಎಳೆದು ತಂದದ್ದು ಅವನ ಮನಸ್ಸನ್ನು ಚುಚ್ಚುತ್ತಿತ್ತು. “ಒಂದೇ ಒಂದು, ಮಾವ. ನಾನ್ ಕೊಟ್ಟೆ ಅಂತ ಯಾರ್ಗೂ ಹೇಳ್ಬೇಡಿ,” ಅಂದವನು ತಾನೇ ಆಡಿದ ಮಾತಿಗೆ ನಾಲಗೆ ಕಚ್ಚಿಕೊಂಡ. ಸಿಗರೇಟು ಹಚ್ಚಿ ಕೈಗೆ ಕೊಟ್ಟ. ಪ್ಯಾಕನ್ನೂ ಲೈಟರನ್ನೂ ಅಂಗಿಯ ಜೇಬಿಗೆ ಇಳಿಬಿಟ್ಟ.

ಮುದುಕ ಸೇದಲಿಲ್ಲ. ಕಿಟಕಿಯ ಸರಳಿನ ನಡುವೆ ಕೈ ತೂರಿಸಿ, ಆದಷ್ಟೂ ಮುಂದಕ್ಕೆ ಚಾಚಿ, ಸಿಗರೇಟನ್ನು ಗುಂಡಿಯ ಕಡೆ ಹಿಡಿದ. ಹೊಗೆ ನೆಟ್ಟಗೆ ಮೇಲಕ್ಕೆ ಹೋಯಿತು. ಹೋಗದೆ ಇನ್ನೇನು? ಗುಂಡಿ ಅಂಗಳದ ಆ ತುದಿಯಲ್ಲಿತ್ತು.

“ಬೂದಿ ಒಳಗೇ ಉದುರ್ಸಿ ಮಾವ, ನಾನ್ ಗುಡಿಸ್ತೀನಿ,” ಅಂದ ಲಾಸಾರೊ.

ಡೊನ್ ಸಿಪ್ರಿಯಾನೊ ಅಳಿಯನ ಮುಖ ನೋಡಿದ. ಅಳು ಬಂತು. ಬಾಯಿ ತೆರೆದರೆ ಏನು ಬರುತ್ತದೆ ಅಂತ ಗೊತ್ತಿದ್ದರಿಂದ ತೆರೆಯಲಿಲ್ಲ. ಸಿಗರೇಟು ಬೆರಳಿನ ತನಕ ಉರಿದು ಸುಟ್ಟಿತು.

ಮಧ್ಯಾಹ್ನ ಎಲ್ಲರೂ ಇಗರ್ಜಿಗೆ ಹೋದರು. ತೊಮಾಸಾ ಗುಂಡಿ ಕಾಯಲು ಉಳಿದಳು, ಕುರ್ಚಿ ಹಾಕಿಕೊಂಡು, ಜಪಸರ ಹಿಡಿದುಕೊಂಡು. ಬೆಟ್ಟದ ಕಡೆಯಿಂದ ಗಾಳಿ ಎದ್ದಿತು. ಆ ದಾರದಂಥ ಹೊಗೆ ನಿಂತುಹೋಯಿತು. ಬೇರೆಯವನಾಗಿದ್ದರೆ ಸದ್ಯ ಅನ್ನುತ್ತಿದ್ದ. ಮುದುಕನಿಗೆ ಗೊತ್ತಿತ್ತು. ಗುಂಡಿ ಇನ್ನು ಉಸಿರು ಬಿಡುತ್ತಿಲ್ಲ, ಎಳೆದುಕೊಳ್ಳುತ್ತಿದೆ. ಮೊದಲು ಕತ್ತಾಳೆಯ ಸಿಹಿ ಘಮ ಬಂತು. ಆಮೇಲೆ ಕೊಬ್ಬಿನ ಘಮ. ಆಮೇಲೆ, ಬಿಸಿಲು ಇಳಿಯುವ ಹೊತ್ತಿಗೆ, ಗಂಟಲಿಗೆ ಕೂರುವಂಥ ಕಹಿ ವಾಸನೆ. ತೊಮಾಸಾ ಮೂಗೆತ್ತಿ ಮೂಸಿದ್ದನ್ನು ಅವನು ಕಂಡ. ಅವಳಿಗೂ ತಿಳಿಯಿತು! ಕಿಟಕಿಯ ಸರಳನ್ನು ಬಡಿದ. ಅವಳು ಇತ್ತ ತಿರುಗಿ ನೋಡಿದಳು, ಹೆದರಿದಳು, ಗುಂಡಿಯ ಹತ್ತಿರ ಕೆಟ್ಟದ್ದು ಆಡಬಾರದಲ್ಲ, ಅದಕ್ಕೇ ಗಟ್ಟಿಯಾಗಿ, “ಚೆನ್ನಾಗ್ ಬೇಯ್ತಾ ಇದೆ, ಚೆನ್ನಾಗ್ ಬೇಯ್ತಾ ಇದೆ,” ಅಂತ ಗುಂಡಿಗೇ ಹೇಳಿ, ಜಪಸರವನ್ನು ಇನ್ನೂ ಬೇಗ ಬೇಗ ಉರುಳಿಸತೊಡಗಿದಳು.

ತಾನೇ ಕಲಿಸಿದ್ದು ಅದು. ಬಡಿಯುತ್ತಿದ್ದ ಕೈಯನ್ನು ಮುದುಕ ಇಳಿಸಿದ.

ಸಂಜೆ ಅಂಗಳದ ತುಂಬ ಜನ. ದೀಪದ ಸರ ಕಟ್ಟಿದ್ದರು, ಬಿಸಿ ಬಿಸಿ ರೊಟ್ಟಿಗಳನ್ನು ಬಟ್ಟೆಯಲ್ಲಿ ಸುತ್ತಿಟ್ಟಿದ್ದರು, ಕೊತ್ತಂಬರಿ, ಈರುಳ್ಳಿ, ನಿಂಬೆಹಣ್ಣು ಹೆಚ್ಚಿಟ್ಟಿದ್ದರು. ತಗಡು ಎತ್ತಿದ ಕ್ಷಣ ಎಲ್ಲರೂ ‘ಓ’ ಎಂದು ಚಪ್ಪಾಳೆ ತಟ್ಟಿದರು. ಚಪ್ಪಾಳೆ ಅಲ್ಲಲ್ಲೇ ನಿಂತಿತು. ಗೋಣಿ ಇರಲಿಲ್ಲ, ಬೂದಿಯಾಗಿತ್ತು. ಪಟ್ಟೆಗಳು ಕರ್ರಗೆ ಮುರುಟಿದ್ದವು. ತಳದ ಪಾತ್ರೆ ಬತ್ತಿ ಕಡಲೆಕಾಳು ಇದ್ದಿಲಾಗಿತ್ತು. ಎಲೊಯ್ಸಾ ಉದ್ದ ಕೈಗವಸು ಹಾಕಿದ ಕೈಯಲ್ಲಿ ಒಂದು ತುಂಡು ಎತ್ತಿ ಒಡೆದಳು. ಎಳೆ ಬಿಡಲಿಲ್ಲ, ಪುಡಿಯಾಯಿತು. ನಡುವಿನಲ್ಲಿ ಸಿಕ್ಕಿದ್ದು ಒಂದು ತಟ್ಟೆಯಷ್ಟು.

ಜನ ಒಳ್ಳೆಯವರು. ಅಕ್ಕಪಕ್ಕದ ಹೆಂಗಸರು ಮನೆಗೆ ಓಡಿ ಹುರುಳಿಕಾಯಿಯ ಕಾಳು, ಅನ್ನ, ಮೊಟ್ಟೆ, ಏನಿದ್ದರೆ ಅದನ್ನು ತಂದರು. ಅರೆಲಿ ಅಮ್ಮನನ್ನು ತಬ್ಬಿ, “ನಂಗೆ ಮೊಟ್ಟೆ ಪಲ್ಯನೇ ಇಷ್ಟ ಕಣಮ್ಮ,” ಅಂದಳು. ಮಕ್ಕಳು ಬಿದ್ದಾರು ಅಂತ ಲಾಸಾರೊ ತಗಡನ್ನು ಮತ್ತೆ ಗುಂಡಿಯ ಮೇಲೆ ಎಳೆದ. ತೊಮಾಸಾ ಮಾತ್ರ ತಡೆಯಲಾರದೆ, “ಬೆಳಿಗ್ಗೆ ಆ ಬಾಯಿ ಬಿದ್ದಾಗ್ಲೇ ಅಂದ್ಕೊಂಡೆ ನಾನು,” ಅಂದಳು.

ಎಲೊಯ್ಸಾ ನೆಟ್ಟಗೆ ಕೋಣೆಗೆ ಬಂದಳು. ಮುಖದ ಮೇಲೆ ಮಸಿ, ಮಸಿಯ ಮೇಲೆ ಎರಡು ಗೆರೆ.

“ಹಾಳಾಗ್ಲಿ ಅಂದ್ರಲ್ಲ, ಆಯ್ತು. ನೆಮ್ಮದಿ ಆಯ್ತಾ ಅಪ್ಪಾ? ಹೆಣ್ಣಿನ ಕೈಲಿ ಆಗಲ್ಲ ಅಂತ ತೋರಿಸಬೇಕಿತ್ತು, ತೋರಿಸಿದ್ರಿ. ಅಷ್ಟೊಂದು ಸಿಟ್ಟಾ ನನ್ಮೇಲೆ?”

ಇಲ್ಲ ಮಗಳೇ. ನೀನು ಮಾಡಿದ್ದರಲ್ಲಿ ಒಂದು ಕೂದಲೆಳೆ ತಪ್ಪಿರಲಿಲ್ಲ. ಅಷ್ಟೂ ಮಾತು ನಾಲಗೆಯ ತುದಿಗೆ ಬಂತು. ಬಾಯಿ ಮುಚ್ಚಿಕೊಳ್ಳಬೇಕೆಂದುಕೊಂಡ, ಆದರೆ ತಡೆಯಲಾಗಲಿಲ್ಲ.

“ಹಾಳಾಗ್ಹೋಗ್ಲಿ,” ಅಂದ.

ಅವಳಿಗೆ ಕೆನ್ನೆಗೆ ಹೊಡೆದ ಹಾಗಾಯಿತು. ಕುರ್ಚಿ ತಿರುಗಿಸಿ ಹೊರಗೆ ತಳ್ಳಿಕೊಂಡು ಹೊರಟಳು. ಬಂದವರು ಹಿರಿಯನನ್ನು ಕೇಳುತ್ತಿದ್ದರು, ಎಷ್ಟಾದರೂ ಮರ್ಯಾದೆ ಇದೆಯಲ್ಲ. ಗುಂಡಿಯ ಪಕ್ಕ ಹಾಯುವಾಗ ಅವನು ಎಡಗೈಯಲ್ಲಿ ಗಾಲಿ ಹಿಡಿದುಬಿಟ್ಟ. ಕುರ್ಚಿ ನಿಂತಿತು. ಜೇಬಿನಿಂದ ಪ್ಯಾಕು ತೆಗೆದು ತೊಡೆಯ ಮೇಲಿಟ್ಟು, ಎರಡು ಬೆರಳು ತುಟಿಗೆ ಇಟ್ಟು ತೋರಿಸಿದ.

“ಸೇದಿ,” ಅಂದಳು ಎಲೊಯ್ಸಾ, ದನಿಯಲ್ಲಿ ಜೀವವಿಲ್ಲದೆ. “ಇನ್ನೇನು ಉಳಿದಿದೆ, ಸೇದಿ.” ಹಚ್ಚಿ ಕೊಟ್ಟಳು.

ಅವನು ಅದನ್ನು ತುಟಿಗೆ ಇಡಲಿಲ್ಲ. ಕುರ್ಚಿಯಿಂದ ಬಗ್ಗಿದ, ಬಗ್ಗಿದ, ಎಲ್ಲಿ ಮಗುಚುತ್ತಾನೋ ಅಂತ ಅವಳು ಭುಜ ಹಿಡಿದುಕೊಂಡಳು. ಕಿತ್ತಳೆ ಮರದ ಕಡೆಯ ಮೂಲೆಗೆ, ತಗಡಿನ ಅಂಚಿಗೆ ಸಿಗರೇಟನ್ನು ತಂದು ಹಿಡಿದ. ನೆಟ್ಟಗೆ ಏಳುತ್ತಿದ್ದ ಹೊಗೆ ಅಲ್ಲಿ ಬಾಗಿತು. ಬಾಗಿ, ಉದುರಿದ ಇಟ್ಟಿಗೆಯ ಸಂದಿನೊಳಕ್ಕೆ ಹೋಯಿತು. ಸಂದಿನ ಬಾಯಲ್ಲಿ ಮಸಿ ಹತ್ತಿತ್ತು. ಅವನು ಸಿಗರೇಟು ಬಿಸಾಡಿ, ಬಕೆಟ್ಟಿನಲ್ಲಿ ಗಟ್ಟಿಯಾಗುತ್ತಿದ್ದ ಕೆಸರನ್ನು ಅದೇ ಕೈಯಿಂದ ಗೋರಿ, ಆ ಸಂದಿಗೆ ಮೆತ್ತಿದ. ಹೆಬ್ಬೆರಳಿನಿಂದ ಒತ್ತಿ, ಚೊಕ್ಕಟವಾಗಿ ಸವರಿದ.

ಎಲೊಯ್ಸಾ ನೋಡುತ್ತಾ ನಿಂತಳು. ಅಡುಗೆಮನೆಯ ಕಿಟಕಿಯಿಂದ ಅಂದೆಲ್ಲ ಅವಳಿಗೆ ಕಾಣುತ್ತಿದ್ದದ್ದು ಬೆನ್ನು. ಅಪ್ಪನ ಅಗಲವಾದ ಬೆನ್ನು, ಅದರಾಚೆ ಏಳುವ ಸಿಗರೇಟಿನ ಹೊಗೆ. ದಣಿದು ಕೂತಿದ್ದಾನೆ ಅಂತ ಅವಳೂ ಅಂದುಕೊಂಡಿದ್ದಳು. ಅವಳು ಅವನ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತಳು.

“ಬೆಳಿಗ್ಗೆ ಇದನ್ನೇ ತೋರಿಸ್ತಿದ್ರಾ?”

ಅವನು ತಲೆ ಆಡಿಸಿದ.

“ನನ್ನ ಕೈ ಎಳೆದಿದ್ದು ಇದಕ್ಕಾ?”

ತಲೆ ಆಡಿಸಿದ. ಅವಳು ಅವನ ಕೆಸರಿನ ಕೈ ಹಿಡಿದುಕೊಂಡು ಅತ್ತಳು. ಅಳುತ್ತಾ ಅಳುತ್ತಾ ಅವಳಿಗೆ ಎಲ್ಲಿಂದಲೋ ಸಿಟ್ಟು ಬಂತು. ಆ ಕೈಯನ್ನು ಬಿಡದೆಯೇ ಅಲುಗಾಡಿಸಿದಳು.

“ಇಷ್ಟೇನಾ ಅಪ್ಪಾ? ಇಷ್ಟಕ್ಕಾ ನನ್ನ ಚಟ್ನಿ ಅರೆಯೋಕೆ ಅಟ್ತಿದ್ದಿದ್ದು? ಒಂದಿನ, ಬಾಯಿ ಇದ್ದಾಗ ಒಂದೇ ಒಂದಿನ, ಇಲ್ಲಿ ಬಾ ಮಗಳೇ, ಹಿಂಗೆ ನೋಡು ಅಂತ ಯಾಕ್ ಹೇಳ್ಲಿಲ್ಲ?”

ಆಚೆ ಅಂಗಳದಲ್ಲಿ ಅರೆಲಿಯನ್ನು ಕುಣಿಯಲು ಕರೆಯುತ್ತಿದ್ದರು. ಡೊನ್ ಸಿಪ್ರಿಯಾನೊ ಮಗಳ ಮುಖ ನೋಡಿದ. ಈ ಪ್ರಶ್ನೆಗೆ ಅವನ ತಲೆಯೊಳಗೂ ಮಾತಿರಲಿಲ್ಲ. ಆದರೂ ಬಾಯಿ ತೆರೆದ, ಮತ್ತೆ ಅದೇ ಬಂತು, ಅವಳು ಕೆಸರಿನ ಕೈಯನ್ನು ಬಿಡದೆ ಅಲ್ಲೇ ಕೂತಿದ್ದಳು.